ಕಿತ್ತಳೆ ಮರದ ಹಲಗೆ ಮೇಲೆ ಹಂದಿ ಮಾಂಸ

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಕೊಡಗು, ಹಂದಿ ಮಾಂಸ ಅಂದ ಕೂಡಲೇ ಪಂದಿ ಕರಿ ಅಂದುಕೊಂಡಿರುತ್ತೀರಿ. ಇವತ್ತು ಅದಲ್ಲ. ಮಾಂಸವನ್ನು ಮರದ ಹಲಗೆ ಮೇಲಿಟ್ಟು, ಹಲಗೆ ಸಮೇತ ಗ್ರಿಲ್ ಮೇಲೆ ಇಡುವುದು.

ಅಮೆರಿಕದ ಪಶ್ಚಿಮ ಕರಾವಳಿ ಕಡೆ ಸೀಡರ್ ಹಲಗೆ ಮೇಲೆ ಸಾಲ್ಮನ್ ಮೀನು ಹೀಗೆ ಬೇಯಿಸುತ್ತಾರೆ. ಸೀಡರ್ ಹಲಗೆ ತರಿಸಬಹುದು ಬಿಡಿ. ಆದರೆ ಸುತ್ತ ಕಾಫಿ ತೋಟ ಇಟ್ಟುಕೊಂಡು ಸಮುದ್ರದಾಚೆಯಿಂದ ಮರ ತರಿಸುವುದಾ?

ತೋಟದಲ್ಲಿ ಜಾಸ್ತಿ ಇರುವುದು ಸಿಲ್ವರ್ ಓಕ್. ಅದು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಊಟದ ಹತ್ತಿರ ಬೇಡ. ಮಾವಿನ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಹಾಗಾಗಿ ಕಿತ್ತಳೆ. ಕೊಡಗಿನ ಕಿತ್ತಳೆಗೆ ಜಿಐ, ಅಂದರೆ ಇದು ಇದೇ ಊರಿನದು ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಆದರೆ ರೋಗ ಬಂದು ಎಷ್ಟೋ ತೋಟಗಳಲ್ಲಿ ಗಿಡಗಳೇ ಹೋದವು. ಹಾಗೆ ಒಣಗಿದ ಹಳೇ ಮರದ ಬೊಡ್ಡೆ ಇದು. ಅಗಲ ಕಮ್ಮಿ, ಅದಕ್ಕೇ ಎರಡು ತುಂಡು ಪಕ್ಕಪಕ್ಕ. ದಪ್ಪ ಸುಮಾರು ಒಂದು ಇಂಚು. ಬಣ್ಣ, ಪಾಲಿಶ್ ಏನೂ ತಾಗಿರಬಾರದು. ಪ್ಲೈವುಡ್ ಅಂತೂ ಬೇಡವೇ ಬೇಡ, ಅದರೊಳಗೆ ಅಂಟು ಇರುತ್ತದೆ.

ಹಲಗೆ ಕೊಯ್ದುಕೊಟ್ಟ ಬಡಗಿ ಕೇಳಿದರು, "ಅಲ್ಲಾ ಅಣ್ಣ, ಇದನ್ನ ಬೆಂಕಿಗೆ ಇಡ್ತೀರಾ? ಸುಟ್ಟು ಹೋಗಲ್ವಾ?"

ಒಳ್ಳೆ ಪ್ರಶ್ನೆ. ಅದಕ್ಕೇ ನೆನೆಸುವುದು. ಕನಿಷ್ಠ ಒಂದು ಗಂಟೆ ನೀರಲ್ಲಿರಬೇಕು. ತೇಲುತ್ತದೆ, ಮೇಲೆ ಕಲ್ಲು ಹೇರಿ. ಒಳಗಿನ ನೀರು ಆವಿಯಾಗುವ ತನಕ ಆ ಜಾಗದ ಬಿಸಿ 100 ಡಿಗ್ರಿ ಸುತ್ತಮುತ್ತಲೇ ನಿಲ್ಲುತ್ತದೆ. ಅಂಚು ಒಣಗಿದ ಮೇಲೆ ಕಪ್ಪಾಗಿ, ನಿಧಾನಕ್ಕೆ ಹೊಗೆಯಾಡುತ್ತದೆ. ನಮಗೆ ಬೇಕಾದ್ದು ಆ ಹೊಗೆ. ಉರಿ ಎದ್ದರೆ ನೀರು ಚಿಮುಕಿಸಿ.

ಈಗ ಮಾಂಸ. ಪಂದಿ ಕರಿಗೆ ಕೊಬ್ಬು, ಚರ್ಮ ಎಲ್ಲ ಇದ್ದರೇ ರುಚಿ. ಹಲಗೆಗೆ ಆ ತುಂಡು ಬೇಡ. ಕೊಬ್ಬು ಕರಗಿ ಕೆಂಡಕ್ಕೆ ಬಿದ್ದರೆ ಭಗ್ಗಂತ ಉರಿ ಏಳುತ್ತದೆ. ಕೊಬ್ಬು ಕಮ್ಮಿ ಇರುವ, ಎರಡು ಬೆರಳು ದಪ್ಪದ ತುಂಡು ಕೇಳಿ. ಉಪ್ಪು, ಕುಟ್ಟಿದ ಕರಿಮೆಣಸು, ಬೆಳ್ಳುಳ್ಳಿ. ಅಷ್ಟೇ. ಕಾಳುಮೆಣಸಿನ ಊರಲ್ಲಿ ಇದ್ದುಕೊಂಡು ಬಾರ್ಬೆಕ್ಯೂ ಸಾಸ್ ಯಾಕೆ?

ಮರಕ್ಕೆ ಬಿಸಿ ಸರಿಯಾಗಿ ದಾಟುವುದಿಲ್ಲ, ತಳ ಕೆಂಪಗಾಗುವುದೇ ಇಲ್ಲ. ಅದಕ್ಕೆ ಮೊದಲು ಬರೀ ಜಾಲರಿ ಮೇಲೆ ಎರಡೂ ಕಡೆ ಒಂದೊಂದು ನಿಮಿಷ ಸುಟ್ಟುಕೊಳ್ಳುತ್ತೇನೆ. ಇಲ್ಲಿ ನೋಡಿ, ಗೆರೆ ಬಿತ್ತಲ್ಲ? ಈಗ ಹಲಗೆಗೆ. ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ಎಳೆದು, ಹಲಗೆಯನ್ನು ಇನ್ನೊಂದು ಪಕ್ಕ ಇಟ್ಟು ಮುಚ್ಚಳ ಹಾಕಬೇಕು. ಮೇಲ್ಭಾಗ ಬೇಯುವುದು ಮುಚ್ಚಳದೊಳಗಿನ ಬಿಸಿಗಾಳಿಯಲ್ಲೇ. ಸುಮ್ಸುಮ್ನೆ ತೆಗೆದು ಇಣುಕಬೇಡಿ. ತಿರುಗಿಸುವ ಕೆಲಸವೂ ಇಲ್ಲ.

ಬೆಂದಿದೆಯಾ ಅಂತ ಕಣ್ಣಳತೆ ನಂಬಬೇಡಿ, ಹಂದಿ ಮಾಂಸ ಇದು. ಥರ್ಮಾಮೀಟರ್ ಚುಚ್ಚಿ. ಇಡೀ ತುಂಡಿಗೆ ಒಳಗೆ 63 ಡಿಗ್ರಿ, ಆಮೇಲೆ 3 ನಿಮಿಷ ಹಾಗೇ ಬಿಡಬೇಕು ಅಂತ ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ನಾನು 70 ತನಕ ಬಿಡುತ್ತೇನೆ. ಸ್ವಲ್ಪ ಗಟ್ಟಿಯಾದರೂ ಪರವಾಗಿಲ್ಲ.

ಇಳಿಸುವ ಮುಂಚೆ ಕಾಚಂಪುಳಿ. ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಹೀಗೆ ಕಪ್ಪಗೆ, ಮಂದ ಮಾಡಿರುತ್ತಾರೆ. ಭಾರೀ ಹುಳಿ. ಬ್ರಷ್ ತುದಿಯಲ್ಲಿ ತೆಳ್ಳಗೆ ಒಂದು ಸಲ ಸವರಿದರೆ ಸಾಕು.

ರುಚಿ ಹೇಗಿದೆ ಅಂದರೆ, ಹೊಗೆ ತುಂಬಾ ಮೆದು. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದ ಮಾಂಸದ ಆ ಗಾಢ ವಾಸನೆ ಬೇಕು ಅನ್ನುವವರಿಗೆ ಇದು ಸಪ್ಪೆ. ನನಗೆ ಇದೇ ಹಿಡಿಸಿತು. ಮಾಂಸ ಒಣಗಿಲ್ಲ, ಮೆಣಸಿನ ಖಾರ ಮೊದಲು ಸಿಗುತ್ತದೆ, ಹೊಗೆ ಆಮೇಲೆ. ಜೊತೆಗೆ ಅಕ್ಕಿ ರೊಟ್ಟಿ.

ಹಲಗೆಯನ್ನು ಸೋಪು ಹಾಕದೆ ಬಿಸಿನೀರಲ್ಲಿ ತಿಕ್ಕಿ ಒಣಗಿಸಿ. ತಳ ಪೂರ್ತಿ ಸುಟ್ಟಿಲ್ಲದಿದ್ದರೆ ಇನ್ನೊಂದು ಸಲ ಬರುತ್ತದೆ, ಸುಟ್ಟಿದ್ದರೆ ಬಚ್ಚಲ ಒಲೆಗೆ. ಮುಂದಿನ ವೀಡಿಯೊದಲ್ಲಿ ಇದರ ಮೇಲೆ ಮೀನು. ಯಾವ ಮೀನು ಅಂತ ನೀವೇ ಹೇಳಿ.