ಬೆಳಗೊಳದ ಓಲೆಗರಿ, ಮೈಸೂರಿನ ಪ್ರಾಕೃತ ಪೀಠ

ಶ್ರೋತೃಗಳಿಗೆ ನಮಸ್ಕಾರ.

ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರಲ್ಲಿ. ಅಲ್ಲಿ ಜೈನಶಾಸ್ತ್ರಕ್ಕೂ ಜೈನರ ಹಳೆಯ ಧರ್ಮಗ್ರಂಥಗಳ ಭಾಷೆಯಾದ ಪ್ರಾಕೃತಕ್ಕೂ ಪ್ರತ್ಯೇಕ ವಿಭಾಗ ದೊರೆತದ್ದು 1971ರಲ್ಲಿ. ಇಷ್ಟು ತಡವಾದುದಕ್ಕೆ ಒಂದು ಕಾರಣ ನಮ್ಮ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿಯೇ ಕಾಣಸಿಗುತ್ತದೆಂದು ನನ್ನ ಅಭಿಪ್ರಾಯ.

ಬೆಳಗೊಳದ ಶಾಸನಗಳಿಗೆ ವಿದ್ವಾಂಸರ ಕೊರತೆಯಾಗಲಿಲ್ಲ. ಬಿ. ಎಲ್. ರೈಸ್ ಅವರು 1889ರಲ್ಲಿ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು, 1973ರ ಆವೃತ್ತಿಯಲ್ಲಿ 573. ಆದರೆ ಆ ಬಂಡೆಗಳ ಮೇಲಿರುವುದು ಬಹುಪಾಲು ಕನ್ನಡ ಮತ್ತು ಸಂಸ್ಕೃತ. ಗೊಮ್ಮಟನ ಪಾದದ ಬಳಿ ತಮಿಳೂ ಮರಾಠಿಯೂ ಉಂಟು. ಪ್ರಾಕೃತವಾದರೋ ಮಠ, ಬಸದಿಗಳ ಓಲೆಗರಿಗಳಲ್ಲಿ ಉಳಿದಿತ್ತು. ಬಂಡೆಯ ಬರಹದ ಪಡಿಯಚ್ಚನ್ನು ಸರ್ಕಾರದ ಇಲಾಖೆ ತೆಗೆಯಬಹುದು. ಓಲೆಗರಿಯನ್ನು ಓದುವುದಕ್ಕೆ ಭಂಡಾರದ ಬಾಗಿಲೂ ತೆರೆಯಬೇಕು, ಜೈನ ಸಿದ್ಧಾಂತದ ಪರಿಭಾಷೆಯನ್ನು ಬಿಡಿಸಿ ಹೇಳುವ ಗುರುವೂ ಬೇಕು.

ಹತ್ತನೆಯ ಶತಮಾನದಲ್ಲಿ, ಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಜೀವ ಮತ್ತು ಕರ್ಮಗಳ ವಿಚಾರವನ್ನು ಪ್ರಾಕೃತ ಗಾಹೆಗಳಲ್ಲಿ, ಎಂದರೆ ಪದ್ಯಗಳಲ್ಲಿ, ವಿವರಿಸಿ ‘ಗೊಮ್ಮಟಸಾರ’ವನ್ನು ರಚಿಸಿದರು. ಕೇಶವವರ್ಣಿ 1359ರಲ್ಲಿ ಅದಕ್ಕೆ ಕನ್ನಡದಲ್ಲಿ ವೃತ್ತಿಯನ್ನು, ಎಂದರೆ ವ್ಯಾಖ್ಯಾನವನ್ನು, ಬರೆದನು. ಅದೇ ಗ್ರಂಥಕ್ಕೆ ಸಂಸ್ಕೃತದಲ್ಲಿಯೂ ಒಂದು ಟೀಕೆಯಿದೆ. ಶಾಸ್ತ್ರವೆಲ್ಲ ಸಂಸ್ಕೃತದಿಂದಲೇ ಕನ್ನಡಕ್ಕೆ ಬಂದಿತೆಂದು ಭಾವಿಸುವವರು ಗಮನಿಸಬೇಕಾದ ಸಂಗತಿಯೆಂದರೆ, ಆ ಸಂಸ್ಕೃತ ಟೀಕೆಗೆ ಈ ಕನ್ನಡ ವೃತ್ತಿಯೇ ಆಧಾರ. ಅದನ್ನು ತೋರಿಸಿಕೊಟ್ಟವರು ಡಾ. ಆ. ನೇ. ಉಪಾಧ್ಯೆ.

ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಉಪಾಧ್ಯೆಯವರು ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರಾಕೃತದ ಒಂದು ಪ್ರಭೇದವಾದ ಅರ್ಧಮಾಗಧಿಯನ್ನು ಬೋಧಿಸಿದ್ದು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ. ಆಗ ಬೆಳಗಾವಿ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತೆಂಬುದು ನಿಜ. ಆದರೂ ಮೈಸೂರಿನಲ್ಲಿ ಅಂಥ ಪೀಠವೊಂದು ಇರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಕುಂದಕುಂದಾಚಾರ್ಯರ ಪ್ರಾಕೃತ ಗ್ರಂಥ ‘ಪ್ರವಚನಸಾರ’ವನ್ನು ಅವರು 1935ರಲ್ಲಿಯೇ ಸಂಪಾದಿಸಿದ್ದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕೊಲ್ಲಾಪುರದ ಸೇವೆಯಿಂದ ನಿವೃತ್ತರಾಗಿ ಹಲವು ವರ್ಷಗಳಾದ ಮೇಲೆ, 1971ರಲ್ಲಿ, ಮೈಸೂರಿನ ಹೊಸ ವಿಭಾಗದ ಮೊದಲ ಪ್ರಾಧ್ಯಾಪಕರಾದರು. 1975ರಲ್ಲಿ ತೀರಿಕೊಂಡರು. ಕೈಲಾಸಚಂದ್ರ ಶಾಸ್ತ್ರಿಯವರೊಡನೆ ಅವರು ಸಂಪಾದಕರಾಗಿದ್ದ, ಕನ್ನಡ ವೃತ್ತಿಸಹಿತವಾದ ಗೊಮ್ಮಟಸಾರವು ಭಾರತೀಯ ಜ್ಞಾನಪೀಠದಿಂದ ಅಚ್ಚಾದದ್ದು ಅನಂತರ.

ಪ್ರಾಕೃತಕ್ಕೆ 2024ರ ಅಕ್ಟೋಬರಿನಲ್ಲಿ ಶಾಸ್ತ್ರೀಯ ಭಾಷೆಯ ಮನ್ನಣೆ ದೊರೆತಿದೆ. ಕೇಶವವರ್ಣಿಯ ವೃತ್ತಿಯನ್ನು ಓದುವುದಕ್ಕೆ ಪ್ರಾಕೃತದಷ್ಟೇ ಹಳೆಯ ಕನ್ನಡವೂ ಬೇಕು. ಆದುದರಿಂದ ಹಾಸನದ ಕನ್ನಡ ಎಂ.ಎ. ತರಗತಿಯಲ್ಲಿ ಪ್ರಾಕೃತಕ್ಕೊಂದು ಐಚ್ಛಿಕ ಪತ್ರಿಕೆಯನ್ನಿಟ್ಟು, ಪಾಠಕ್ಕೆ ಗೊಮ್ಮಟಸಾರದ ಮೊದಲ ಭಾಗವಾದ ‘ಜೀವಕಾಂಡ’ವನ್ನು ಆ ವೃತ್ತಿಯೊಡನೆಯೇ ಗೊತ್ತುಮಾಡುವುದು ಉಚಿತ. ನಮಸ್ಕಾರ.