ಸಭೆಯಲ್ಲಿ ಮೊದಲು ಯಾರು ಮಾತಾಡಬೇಕು?

ಎಲ್ಲರಿಗೂ ನಮಸ್ಕಾರ.

ಇಲ್ಲಿರುವ ಹೆಚ್ಚಿನವರು ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಬಂದವರು. ಸೂಪರ್‌ವೈಸರ್‌ಗಳಿದ್ದೀರಿ, ಫ್ಲೋರ್ ಇನ್‌ಚಾರ್ಜ್‌ಗಳಿದ್ದೀರಿ, ಎಚ್‌ಆರ್‌ನವರಿದ್ದೀರಿ. ಕಾರ್ಮಿಕರೂ ಮಾಲೀಕರ ಕಡೆಯವರೂ ಒಟ್ಟಿಗೆ ಕೂರುವ ವರ್ಕ್ಸ್ ಕಮಿಟಿ, ಕ್ಯಾಂಟೀನ್ ಕಮಿಟಿ ಸಭೆಗಳನ್ನು ನಡೆಸುವವರು ನೀವೇ. ಅದಕ್ಕೇ ಇವತ್ತು ಒಂದೇ ವಿಷಯ ಹಿಡಿದು ಮಾತಾಡುತ್ತೇನೆ. ಸಭೆಯಲ್ಲಿ ಎಲ್ಲರೂ ಬಾಯಿ ಬಿಡಬೇಕಾದರೆ, ಅಲ್ಲಿ ಜಾಸ್ತಿ ಅಧಿಕಾರ ಇರುವವರು ಕೊನೆಗೆ ಮಾತಾಡಬೇಕು.

ಇದು ಹಳೆಯ ತಿಳಿವಳಿಕೆ. ಸುಮಾರು 1,800 ವರ್ಷಗಳ ಹಿಂದೆ ಬರೆದಿಟ್ಟ ಯಹೂದಿಗಳ ಕಾನೂನಿನಲ್ಲಿ ಒಂದು ನಿಯಮ ಇದೆ. ಮರಣದಂಡನೆಯ ಪ್ರಕರಣ ಬಂದರೆ ಕಿರಿಯ ನ್ಯಾಯಾಧೀಶರಿಂದ ಅಭಿಪ್ರಾಯ ಕೇಳಲು ಶುರು ಮಾಡಬೇಕು. ಹಿರಿಯರು ಮೊದಲು ಹೇಳಿಬಿಟ್ಟರೆ ಕಿರಿಯರು ಎದುರಾಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಒಂದು ಜೀವದ ಪ್ರಶ್ನೆ, ಅಲ್ವಾ?

1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಅಷ್ಟೇ ಉದ್ದ ಇದೆ ಎಂದು ಕೇಳುತ್ತಿದ್ದರು. ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿದ್ದ ಉಳಿದವರಿಗೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಲು ಮೊದಲೇ ಹೇಳಿಕೊಟ್ಟಿದ್ದರು. ವಿಷಯ ಗೊತ್ತಿಲ್ಲದ ಒಬ್ಬರು ಮಾತ್ರ ಸರದಿಯ ಕೊನೆಯ ಹೊತ್ತಿಗೆ ಉತ್ತರ ಕೊಡಬೇಕಿತ್ತು. ಸುಮಾರು ಮೂರರಲ್ಲಿ ಒಂದು ಸಲ ಅವರೂ ಗುಂಪಿನ ತಪ್ಪನ್ನೇ ಹೇಳಿದರು. ನಮಗೆ ಬೇಕಾದ್ದು ಇದರ ಮುಂದಿನ ಭಾಗ. ಗುಂಪಿನಲ್ಲಿ ಇನ್ನೊಬ್ಬರು ಸರಿ ಉತ್ತರ ಹೇಳಿದರೆ ಸಾಕು, ಇವರಿಗೂ ಧೈರ್ಯ ಬರುತ್ತಿತ್ತು. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಬರೆದುಕೊಡಿ ಎಂದಾಗಲೂ ತಪ್ಪು ತುಂಬಾ ಕಡಿಮೆಯಾಗುತ್ತಿತ್ತು.

ಅಲ್ಲಿದ್ದವರು ಒಬ್ಬರಿಗೊಬ್ಬರು ಪರಿಚಯವಿಲ್ಲದ ಸಮಾನರು. ಯಾರ ಸಂಬಳವೂ ಯಾರ ಕೈಯಲ್ಲೂ ಇರಲಿಲ್ಲ. ಹಾಗಿದ್ದೂ ಹೀಗಾಯಿತು. ಇನ್ನು ಲೈನ್ ಸೂಪರ್‌ವೈಸರ್ ಎದುರು ಒಬ್ಬ ಹೆಲ್ಪರ್ ಏನು ಹೇಳಿಯಾಳು?

ಈಗ 1986ರ ಜನವರಿ 27ರ ರಾತ್ರಿಗೆ ಬನ್ನಿ. ಮರುದಿನ ಬೆಳಿಗ್ಗೆ ಅಮೆರಿಕದ ಫ್ಲಾರಿಡಾದಿಂದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕಿತ್ತು. ಅವತ್ತು ಅಲ್ಲಿ ವಿಪರೀತ ಚಳಿ. ಬೂಸ್ಟರ್ ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರ್‌ಗಳಿಗೆ ಭಯವಿತ್ತು. ರಾಕೆಟ್‌ನ ಜೋಡಣೆಗಳಲ್ಲಿರುವ ರಬ್ಬರ್ ರಿಂಗ್ ಚಳಿಗೆ ಗಟ್ಟಿಯಾಗಿ, ಬಿಸಿ ಅನಿಲವನ್ನು ತಡೆಯದೇ ಹೋದರೆ? ಹಾರಿಸಬೇಡಿ ಎಂದು ಫೋನ್ ಸಭೆಯಲ್ಲಿ ಹೇಳಿದರು. ನಾಸಾದವರು ಒಪ್ಪಲಿಲ್ಲ. ಕಂಪನಿಯವರು ಸ್ವಲ್ಪ ಹೊತ್ತು ಫೋನ್ ಬಿಟ್ಟು ತಮ್ಮಲ್ಲೇ ಚರ್ಚೆ ಮಾಡಿದರು. ಕೊನೆಗೆ ನಾಲ್ಕು ಜನ ಮೇಲಧಿಕಾರಿಗಳಷ್ಟೇ ತೀರ್ಮಾನ ತೆಗೆದುಕೊಂಡರು. ಎಂಜಿನಿಯರ್‌ಗಳ ಮತ ಕೇಳಲೇ ಇಲ್ಲ. ಫೋನ್ ಸಭೆ ಮತ್ತೆ ಶುರುವಾದಾಗ ಹಾರಿಸಬಹುದು ಎಂದರು. ಆಗ ನಾಸಾದ ಅಧಿಕಾರಿಯೊಬ್ಬರು, ಯಾರಿಗಾದರೂ ಬೇರೆ ಅಭಿಪ್ರಾಯ ಇದೆಯಾ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು. ಒಳಗಿದ್ದ ಏಳೂ ಜನ ತೀರಿಕೊಂಡರು.

ಆ ಕೊನೆಯ ಪ್ರಶ್ನೆಯನ್ನು ಗಮನಿಸಿ. ನಮ್ಮ ಸಭೆಗಳಲ್ಲೂ ಅದನ್ನೇ ಕೇಳುತ್ತೇವೆ. ಎಲ್ಲ ಮುಗಿದ ಮೇಲೆ, ಬಾಗಿಲ ಕಡೆ ತಿರುಗಿಕೊಂಡು, "ಯಾರಿಗಾದರೂ ಏನಾದರೂ ಹೇಳೋದಿದೆಯಾ?" ತೀರ್ಮಾನ ಆಗಿಹೋದ ಮೇಲೆ ಕೇಳಿದ ಪ್ರಶ್ನೆಗೆ ಮೌನವೇ ಉತ್ತರ. ಆ ಮೌನವನ್ನು "ಎಲ್ಲರೂ ಒಪ್ಪಿದರು" ಎಂದು ಮಿನಿಟ್ಸ್ ಪುಸ್ತಕದಲ್ಲಿ ಬರೆಯುವುದು ಅನ್ಯಾಯ.

ಹಾಗಾದರೆ ಕೇಳುವುದು ಹೇಗೆ? ಕುಡಿಯುವ ನೀರಿನ ವಿಷಯ ತೆಗೆದುಕೊಳ್ಳಿ. "ನೀರಿನ ವ್ಯವಸ್ಥೆ ಸರಿ ಇದೆ, ಅಲ್ವಾ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು ಒಂದೊಂದು ಚೀಟಿ ಕೊಡಿ. ಬರೆಯಲು ಬಾರದವರಿಗೆ ಅವರು ನಂಬುವವರು ಬರೆದುಕೊಡಲಿ. ಚೀಟಿಯಲ್ಲಿ ಹೆಸರು ಬೇಡ. ಆಮೇಲೆ ಒಂದೊಂದಾಗಿ ಓದಿ. ಫಿಲ್ಟರ್ ಚೆನ್ನಾಗೇ ಇದೆ, ಆದರೆ ಟಾಯ್ಲೆಟ್‌ಗೆ ಎದ್ದು ಹೋದರೆ ಬೈಗುಳ ಬೀಳುತ್ತದೆ, ಅದಕ್ಕೇ ನೀರೇ ಕುಡಿಯುವುದಿಲ್ಲ ಎನ್ನುವ ಮಾತು ಆ ಚೀಟಿಗಳಲ್ಲಿ ಬರಬಹುದು. ಮೇಜಿನ ಈ ಕಡೆ ಕುಳಿತವರಿಗೆ ತಾವಾಗಿ ಹೊಳೆಯದ ಮಾತು ಅದು. ಮನಶ್ಶಾಸ್ತ್ರಜ್ಞರಾದ ಗ್ಯಾರಿ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದೇ. ಗುಂಪಿನಲ್ಲಿ ಕೂತ ಜನ ಎಲ್ಲರಿಗೂ ಮೊದಲೇ ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾತಾಡುತ್ತಾರೆ. ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿ ಒಳಗೇ ಉಳಿದುಬಿಡುತ್ತದೆ. ಅದನ್ನು ಹೊರಗೆ ತರುವುದೇ ಸಭೆ ನಡೆಸುವವರ ಕೆಲಸ.

ಭಾಷೆಯ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಈಗ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರು ಬಹಳ ಇದ್ದಾರೆ. ಹಾಸ್ಟೆಲ್‌ನಲ್ಲಿದ್ದು ಕೆಲಸ ಮಾಡುತ್ತಾರೆ. ಸಭೆ ಕನ್ನಡದಲ್ಲಿ ನಡೆದರೆ ಅವರು ಹೊರಗುಳಿಯುತ್ತಾರೆ. ಹಿಂದಿಯಲ್ಲಿ ನಡೆದರೆ ಮಂಡ್ಯ, ರಾಮನಗರದ ಕಡೆಯ ಹೆಂಗಸರು ಹೊರಗುಳಿಯುತ್ತಾರೆ. ಇಂಗ್ಲಿಷಿನಲ್ಲಿ ಬರೆದ ಮಿನಿಟ್ಸ್‌ಗೆ ಇಬ್ಬರೂ ಸುಮ್ನೆ ಸಹಿ ಹಾಕುತ್ತಾರೆ. ಪ್ರತಿ ಮಾತನ್ನೂ ಇನ್ನೊಂದು ಭಾಷೆಯಲ್ಲಿ ಹೇಳಿಸಲು ಒಬ್ಬರನ್ನು ಕೂರಿಸಿ. ಸಭೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಹೊತ್ತಿನ ಮಾತು ಬಂದ ಮೇಲೆ ಇದನ್ನೂ ಹೇಳಬೇಕು. ಸಭೆಗೆ ಬಂದ ಟೈಲರ್ ಹೊಲಿಯಬೇಕಿದ್ದ ಪೀಸ್‌ಗಳನ್ನು ಆ ಗಂಟೆಯ ಟಾರ್ಗೆಟ್‌ನಿಂದ ಕಳೆಯಿರಿ. ವಾಪಸ್ ಹೋದ ಮೇಲೆ ಬಾಕಿ ಪೀಸ್ ಮುಗಿಸಬೇಕು ಅಂತಿದ್ದರೆ ಆಕೆಯ ಗಮನವೆಲ್ಲ ಗಡಿಯಾರದ ಮೇಲೇ ಇರುತ್ತದೆ. ಊಟದ ಹೊತ್ತಿಗೋ ಬಸ್ ಹೊರಡುವ ಹೊತ್ತಿಗೋ ಸಭೆ ಕರೆಯಬೇಡಿ.

ಇನ್ನು ಕರೆಯುವ ರೀತಿ. ಲೈನ್‌ನಲ್ಲಿ ದಿನವಿಡೀ "ಏಯ್, ಬಾರೇ, ಹೋಗೇ" ಎಂದು ಕರೆಸಿಕೊಳ್ಳುವವರು ತಿಂಗಳಿಗೊಮ್ಮೆ ಸಭೆಯ ಕುರ್ಚಿಯಲ್ಲಿ ಕೂತ ತಕ್ಷಣ ಧೈರ್ಯವಾಗಿ ಮಾತಾಡಲಾರರು. ಹೆಸರು ಹಿಡಿದು, ಬಹುವಚನದಲ್ಲಿ ಕರೆಯುವುದು ಫ್ಲೋರ್‌ನಲ್ಲೇ ಶುರುವಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರ್‌ಗಳಿಗೆ ಒಂದು ಚೆಕ್‌ಲಿಸ್ಟ್ ಕೊಟ್ಟಿತು. ಚಾಕು ಇಡುವ ಮೊದಲು ಅಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಎನ್ನುವುದು ಅದರಲ್ಲಿ ಒಂದು ಅಂಶ. ಒಮ್ಮೆ ಬಾಯಿ ತೆರೆದು ಹೆಸರು ಹೇಳಿದ ನರ್ಸ್‌ಗೆ, ಆಮೇಲೆ ಏನಾದರೂ ತಪ್ಪು ಕಂಡರೆ "ಡಾಕ್ಟರೇ, ತಡೀರಿ" ಎನ್ನುವುದು ಸುಲಭ. ನಿಮ್ಮ ಸಭೆಯಲ್ಲೂ ಹಾಗೇ ಮಾಡಿ.

ಕಾನೂನು ನಮಗೆ ಚೌಕಟ್ಟನ್ನು ಕೊಟ್ಟಿದೆ. ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ವರ್ಕ್ಸ್ ಕಮಿಟಿ ಮಾಡಿ ಎಂದು ಸರ್ಕಾರ ಆದೇಶಿಸಬಹುದು ಎನ್ನುವುದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಬಂತು. ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು ಎಂದೂ ಅದು ಹೇಳಿತು. ಆದರೆ ಕುರ್ಚಿ ಸಮ ಇದ್ದ ಮಾತ್ರಕ್ಕೆ ಮಾತು ಸಮ ಆಗುವುದಿಲ್ಲ. ಪ್ರತಿನಿಧಿಯನ್ನು ಮ್ಯಾನೇಜರ್ ಆರಿಸಿದರೆ ಆಕೆ ಮ್ಯಾನೇಜರ್‌ನ ಮುಖ ನೋಡಿ ಮಾತಾಡುತ್ತಾಳೆ. ಕಾರ್ಮಿಕರು ಆರಿಸಿದರೆ ಅವರ ಪರವಾಗಿ ಮಾತಾಡುತ್ತಾಳೆ.

2016 ನೆನಪಿದೆಯಾ? ಆ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸಿತು. ಮಾಲೀಕರ ಪಾಲಿನ ಹಣವನ್ನು 58 ವರ್ಷದ ತನಕ ತೆಗೆಯುವ ಹಾಗಿಲ್ಲ ಎಂದಿತು. ಮಕ್ಕಳ ಫೀಸಿಗೆ, ಸಾಲಕ್ಕೆ, ಮದುವೆಗೆ ಆ ಹಣವನ್ನೇ ನಂಬಿದ ಹೆಂಗಸರು ಏಪ್ರಿಲ್ 18 ಮತ್ತು 19ರಂದು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗಳಿಗೆ ಬಂದರು. ಹೊಸೂರು ರಸ್ತೆ, ತುಮಕೂರು ರಸ್ತೆ ನಿಂತುಹೋದವು. 19ರಂದೇ ಸರ್ಕಾರ ಆದೇಶ ವಾಪಸ್ ಪಡೆಯಿತು. ಗಾರ್ಮೆಂಟ್ಸ್ ಹೆಂಗಸರಿಗೆ ಮಾತು ಬರುವುದಿಲ್ಲ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಅವರಿಗೆ ಮಾತು ಬರುತ್ತದೆ, ಕಾರ್ಖಾನೆಯೊಳಗೆ ಜಾಗ ಸಿಕ್ಕಿಲ್ಲ ಅಷ್ಟೇ.

ಕೊನೆಗೆ ಸಭೆ ಆದ ಮೇಲಿನ ವಾರದ ಬಗ್ಗೆ ಹೇಳಬೇಕು. ಸಭೆಯಲ್ಲಿ ದೂರು ಹೇಳಿದವರ ಮಷಿನ್ ಬದಲಾಯಿತೇ, ಲೈನ್ ಬದಲಾಯಿತೇ, ರಜೆ ಕೇಳಿದಾಗ ಕೊಟ್ಟರೇ ಎಂದು ಎಚ್‌ಆರ್‌ನವರು ಹೋಗಿ ನೋಡಬೇಕು. ಒಬ್ಬರಿಗೆ ತೊಂದರೆ ಆಯಿತೆಂದರೆ ಆ ಸುದ್ದಿ ಸಂಜೆಯೊಳಗೆ ಇಡೀ ಫ್ಲೋರ್‌ಗೆ ಮುಟ್ಟುತ್ತದೆ. ಮುಂದಿನ ಸಭೆಯ ಮೊದಲ ವಿಷಯ, ಹೋದ ಸಲ ಕೇಳಿದ್ದರಲ್ಲಿ ಏನಾಯಿತು, ಏನಾಗಲಿಲ್ಲ, ಯಾಕೆ ಆಗಲಿಲ್ಲ ಎಂಬುದು. ಅದನ್ನು ಎರಡೂ ಭಾಷೆಯಲ್ಲಿ ಬರೆದು ಟೈಮ್ ಪಂಚಿಂಗ್ ಮಷಿನ್ ಪಕ್ಕ ಅಂಟಿಸಿ. ಎಲ್ಲರೂ ದಿನಾ ಹಾದುಹೋಗುವ ಜಾಗ ಅದೇ.