ಹಾಕಿ ಹುಟ್ಟಿದ್ದು ನೆಲದಿಂದ
(ಉಡುಪಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಎದುರು ಮಾಡಿದ ಉಪನ್ಯಾಸ)

ಎಲ್ಲ ಮೇಷ್ಟ್ರುಗಳಿಗೂ ಟೀಚರುಗಳಿಗೂ ನಮಸ್ಕಾರ. ಹಾಕಿ ಯಾರು ಕಂಡುಹಿಡಿದದ್ದು ಅಂತ ಮಕ್ಕಳು ಕೇಳುತ್ತಾರೆ. ಬ್ರಿಟಿಷರು ಅನ್ನುವವರಿದ್ದಾರೆ, ನಮ್ಮ ಹಿರಿಯರು ಅನ್ನುವವರೂ ಇದ್ದಾರೆ. ನನ್ನನ್ನು ಕೇಳಿದರೆ, ನೆಲ ಅಂತೀನಿ.

ಕೋಲಿನಿಂದ ಚೆಂಡು ಹೊಡೆಯುವ ಆಸೆ ಎಲ್ಲ ಊರಲ್ಲೂ ಇತ್ತು. ಈಜಿಪ್ಟಿನ ಬೇನಿ ಹಸನ್‌ನಲ್ಲಿ ಸುಮಾರು 4000 ವರ್ಷ ಹಳೆಯ ಸಮಾಧಿಯೊಂದರ ಗೋಡೆಯ ಮೇಲೆ ಒಂದು ಚಿತ್ರ ಇದೆ. ಇಬ್ಬರು ಎದುರುಬದುರು ಬಗ್ಗಿ ನಿಂತಿದ್ದಾರೆ. ತುದಿ ಬಾಗಿದ ಕೋಲುಗಳು, ನಡುವೆ ಒಂದು ದುಂಡನೆಯ ವಸ್ತು. ಹಿಂದೆ ಇಬ್ಬರು ಎದುರುಬದುರು ನಿಂತು ಕೋಲಿಗೆ ಕೋಲು ತಾಗಿಸಿ ಆಟ ಶುರುಮಾಡುತ್ತಿದ್ದ 'ಬುಲ್ಲಿ' ಇಲ್ಲಿ ಕೂತ ಹಿರಿಯರಿಗೆ ನೆನಪಿರಬೇಕು. ಅದೇ ಭಂಗಿ! ಅಥೆನ್ಸಿನಲ್ಲಿ 1922ರಲ್ಲಿ ಸಿಕ್ಕ ಕಲ್ಲಿನ ಕೆತ್ತನೆಯಲ್ಲೂ ಹಾಗೆಯೇ. ಮಣಿಪುರದವರಿಗೆ ಖೋಂಗ್ ಕಾಂಗ್ಜೈ ಅನ್ನುವ ಕೋಲು-ಚೆಂಡಿನ ಆಟ ಇದೆ. ಐರ್ಲೆಂಡಿನ ಗಾಲ್ವೇಯಲ್ಲಂತೂ 1527ರಲ್ಲಿ ಕೋಲು-ಚೆಂಡಿನ ಆಟವನ್ನೇ ನಿಷೇಧಿಸಿದರು. ನಿಷೇಧಿಸಬೇಕಾಯಿತು ಅಂದರೆ ಜನ ಎಷ್ಟು ಆಡುತ್ತಿದ್ದಿರಬೇಕು, ನೋಡಿ.

ಇವೆಲ್ಲ ಹಾಕಿಯ ನೆಂಟರು. ನಾವು ಇವತ್ತು ಆಡುವ ಹಾಕಿ ಬಂದದ್ದು ಲಂಡನ್ನಿನ ಎರಡು ಮೈದಾನಗಳ ಜಗಳದಿಂದ. ಈ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಬ್ಲ್ಯಾಕ್‌ಹೀತ್ ಅಂತ ಒಂದು ಬಯಲು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ಅಲ್ಲಿ ಹಾಕಿ ಕ್ಲಬ್ ಇತ್ತು. ನೆಲ ಒರಟು. ಅವರು ಆಡುತ್ತಿದ್ದದ್ದು ಚೆಂಡಿನಲ್ಲಿ ಅಲ್ಲ, ರಬ್ಬರಿನ ಚೌಕ ತುಂಡಿನಲ್ಲಿ! ಅಂಥ ನೆಲದಲ್ಲಿ ಅದು ಹೇಗೆ ಉರುಳಬೇಕು? ಹಾಗಾಗಿ ಚಾಕಚಕ್ಯತೆಗಿಂತ ತಳ್ಳಾಟವೇ ಜಾಸ್ತಿ.

ಇತ್ತ ಟೆಡಿಂಗ್‌ಟನ್ ಅನ್ನುವ ಕಡೆ ಕ್ರಿಕೆಟ್ ಆಡುವವರಿದ್ದರು. ಚಳಿಗಾಲದಲ್ಲಿ ಸುಮ್ನೆ ಕೂರಲಾಗದೆ 1871ರಲ್ಲಿ ಹಾಕಿ ಶುರುಮಾಡಿದರು. ಅವರ ಕೈಯಲ್ಲಿ ಇದ್ದದ್ದು ಕ್ರಿಕೆಟ್ ಮೈದಾನ, ಅಂದರೆ ಸಮತಟ್ಟಾದ ಹುಲ್ಲು. ರಬ್ಬರ್ ತುಂಡು ಬಿಟ್ಟು ಕ್ರಿಕೆಟ್ ಚೆಂಡನ್ನೇ ಹಾಕಿದರು. ಚೆಂಡು ಓಡಿತು! ಓಡುವ ಚೆಂಡನ್ನು ಎಲ್ಲಿಂದಲೋ ಬೀಸಿ ಗೋಲು ಮಾಡಿಬಿಟ್ಟರೆ ಆಟಕ್ಕೆ ಏನು ರುಚಿ? ಅದಕ್ಕೆ ಗೋಲಿನ ಮುಂದೆ ಅರ್ಧ ವೃತ್ತ ಬಂತು, ಅದರ ಒಳಗಿಂದ ಹೊಡೆದರಷ್ಟೇ ಗೋಲು. ಕೋಲನ್ನು ಭುಜದ ಮೇಲೆ ಎತ್ತಬಾರದು ಅನ್ನುವ ನಿಯಮವೂ ಬಂತು. ನೀವು ಪ್ರತಿ ವರ್ಷ ಸುಣ್ಣದ ಪುಡಿಯಲ್ಲಿ ಎಳೆಯುವ 'ಡಿ' ಇದೆಯಲ್ಲ, ಅದರ ಅಜ್ಜ ಅದೇ.

1886ರಲ್ಲಿ ಹಾಕಿ ಅಸೋಸಿಯೇಷನ್ ಆಯಿತು, ಟೆಡಿಂಗ್‌ಟನ್ ದಾರಿಯೇ ಗೆದ್ದಿತು. ಬ್ಲ್ಯಾಕ್‌ಹೀತ್‌ನವರು ಮುನಿಸಿಕೊಂಡು ಬೇರೆ ಒಕ್ಕೂಟ ಕಟ್ಟಿದರು, ಅದು ಹೆಚ್ಚು ಕಾಲ ಬಾಳಲಿಲ್ಲ. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ನೆಲ ಬದಲಾದರೆ ಆಟ ಬದಲಾಗುತ್ತದೆ.

ಚೀಟಿ ಬಂತು, ಹತ್ತೇ ನಿಮಿಷವಂತೆ. ಭಾರತದ ಭಾಗವನ್ನು ಓಡಿಸುತ್ತೇನೆ. ಬ್ರಿಟಿಷ್ ಸೈನಿಕರ ಜೊತೆ ಆಟ ಇಲ್ಲಿಗೆ ಬಂತು. ಕಂಟೋನ್ಮೆಂಟಿನ ಪೆರೇಡ್ ಮೈದಾನ ಗಟ್ಟಿ, ಸಮ, ಅಂದರೆ ಮತ್ತೆ ನೆಲವೇ! 1895ರಲ್ಲಿ ಕಲ್ಕತ್ತೆಯಲ್ಲಿ ಬೇಟನ್ ಕಪ್ ಅನ್ನುವ ಹಾಕಿ ಪಂದ್ಯಾವಳಿ ಶುರುವಾಯಿತು. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಜೈಪಾಲ್ ಸಿಂಗ್ ನಾಯಕತ್ವದ ನಮ್ಮ ತಂಡ 29 ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. ಅದರಲ್ಲಿ 14 ಧ್ಯಾನ್ ಚಂದ್ ಅವರದ್ದು. 1975ರಲ್ಲಿ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದೆವು. ಮರುವರ್ಷ ಮಾಂಟ್ರಿಯಲ್‌ನಲ್ಲಿ ಮೊದಲ ಸಲ ಒಲಿಂಪಿಕ್ಸ್ ಹಾಕಿಗೆ ಕೃತಕ ಹಾಸು ಹಾಕಿದರು, ನಾವು ಏಳನೆಯವರಾದೆವು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ನೆಲವನ್ನು ಮರೆಯಬೇಡಿ.

ಕೊಡಗಿನ ಮಾತು ಎತ್ತಲು ಸಮಯವಿಲ್ಲ, ಕ್ಷಮಿಸಿ. ನಮ್ಮ ಕರಾವಳಿಯದ್ದನ್ನು ಹೇಳಿ ಮುಗಿಸುತ್ತೇನೆ. ನಮ್ಮದು ಮುರಕಲ್ಲಿನ ನೆಲ. ಜೋರು ಮಳೆಗೆ ಮಣ್ಣು ಕೊಚ್ಚಿಹೋಗಿ ಹರಳು ಮೇಲೆ ಬರುತ್ತದೆ. ಅಲ್ಲಿ ಚೆಂಡು ಪುಟಿದು ಮಗುವಿನ ಮೊಣಕಾಲಿಗೆ ಬಡಿದರೆ ಆ ಮಗು ಮರುದಿನ ಸ್ಟಿಕ್ ಮುಟ್ಟುವುದಿಲ್ಲ. ದೀಪಾವಳಿ ಕಳೆದ ಮೇಲೆ, ಇಡೀ ಮೈದಾನ ಆಗದಿದ್ದರೂ ಒಂದು 'ಡಿ'ಯಷ್ಟು ಜಾಗದ ಹರಳು ಆರಿಸಿ, ನೀರು ಚಿಮುಕಿಸಿ, ರೋಲರ್ ಎಳೆಸಿ. ರೋಲರ್ ಇಲ್ಲದ ಶಾಲೆಯವರು ಈಗಲೇ ಕೈ ಎತ್ತಿ, ಪಕ್ಕದ ಶಾಲೆಯಲ್ಲಿ ಇದ್ದರೆ ಇಲ್ಲೇ ಮಾತಾಡಿಕೊಂಡು ದಿನ ಗೊತ್ತುಮಾಡೋಣ.